ಪರಿಶುದ್ಧ ಬದುಕು ಹನ್ನೊಂದನೇ ದಿನಕ್ಕೆ ಕೈ ಕೊಡುತ್ತಿದೆಯಾ? ಶುರುವಿನಿಂದ ಹೀಗೆ ಮಾಡಿ

ಪ್ರತಿ ವರ್ಷ ಎರಡು ಸಲ ನನಗೆ ಒಂದೇ ತರಹದ ಫೋನ್ ಬರುತ್ತದೆ. ಜನವರಿ ಮೂರನೇ ವಾರ ಒಂದು. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ಶುರುವಾಗಿ ಹತ್ತು ದಿನ ಕಳೆದ ಮೇಲೆ ಇನ್ನೊಂದು. 'ಅಣ್ಣ, ಈ ಸಲವೂ ಆಗಲಿಲ್ಲ.' ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡಿರುತ್ತಾರೆ, ಸಿನಿಮಾ ಬಿಟ್ಟಿರುತ್ತಾರೆ, ಬಾಡೂಟ ಬಿಟ್ಟಿರುತ್ತಾರೆ, ಫೋನಿನಲ್ಲಿ ರೀಲ್ಸ್ ನೋಡುವುದನ್ನೂ ನಿಲ್ಲಿಸಿರುತ್ತಾರೆ, ಆಮೇಲೆ ಹನ್ನೊಂದನೇ ದಿನ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಯ್ತು ಅಂತ ಹೆಂಡತಿ ಮೇಲೆ ಕೂಗಾಡಿ ಎಲ್ಲಾ ಮಣ್ಣುಪಾಲು.

ಇವರು ಸೋಮಾರಿಗಳಲ್ಲ. ಕೆಲಸದ ಕ್ರಮ ತಪ್ಪಿದೆ, ಅಷ್ಟೇ. ಗೋಡೆಗೆ ಸುಣ್ಣ ಹೊಡೆದು ಆಮೇಲೆ ಗಾರೆ ಮೆತ್ತಲು ಹೊರಟ ಹಾಗೆ.

ನಾನು ಸಭೆ ನಡೆಸುವ ಅಯ್ಯನವರೂ ಅಲ್ಲ, ಫಾದರೂ ಅಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮನೆ, ಮಂಡ್ಯದಲ್ಲಿ ನಾಲ್ಕು ಅಂಗಡಿಗಳ ಲೆಕ್ಕ ಬರೆಯುವ ಕೆಲಸ. ಮಂಗಳವಾರ ಸಂಜೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಬೈಬಲ್ ಓದಲು ಸೇರುತ್ತೇವೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಕಥೋಲಿಕ, ಪೆಂತೆಕೋಸ್ತ್ ಎಲ್ಲಾ ಬೆರಕೆ. ಆದರೆ ಎಡವುವ ಜಾಗ ಮಾತ್ರ ಎಲ್ಲರಿಗೂ ಒಂದೇ. ಕೆಳಗಿನ ಎಂಟು ಹಂತಗಳಲ್ಲಿ ಒಂದೊಂದಕ್ಕೆ ಕಡಿಮೆ ಅಂದರೂ ಒಂದು ವಾರ ಕೊಡಿ. ಮೂರನೆಯದಕ್ಕೆ ಒಂದು ತಿಂಗಳು ಹಿಡಿದರೂ ಗಾಬರಿ ಬೇಡ.

ಮೊದಲು ಬೇಕಾಗುವ ಸಾಮಾನು

ಒಂದು ಬೈಬಲ್. ಸತ್ಯವೇದವೋ, ಕಥೋಲಿಕರ ಪವಿತ್ರ ಬೈಬಲ್ಲೋ, ಯಾವುದಾದರೂ ಸರಿ. ಜೇಬಿಗೆ ಹಿಡಿಯುವ ಒಂದು ಚಿಕ್ಕ ನೋಟ್‌ಪುಸ್ತಕ, ಒಂದು ಪೆನ್ನು. ದಿನಕ್ಕೆ ಹತ್ತು ನಿಮಿಷ, ಅದೂ ದಿನಾ ಒಂದೇ ಹೊತ್ತಿಗೆ. ಮತ್ತೆ ಒಬ್ಬ ಮನುಷ್ಯ. ಆ ಮನುಷ್ಯನ ವಿಷಯ ಏಳನೇ ಹಂತದಲ್ಲಿ ಬರುತ್ತದೆ.

ಫೋನಿನ ಆ್ಯಪ್ ಬೇಡ. ನಾನು ಪ್ರಯತ್ನಿಸಿ ನೋಡಿದ್ದೇನೆ. ಪಾಪದ ಲೆಕ್ಕ ಬರೆಯಲು ಫೋನ್ ತೆಗೆದವನು ಅರ್ಧ ಗಂಟೆ ಕ್ರಿಕೆಟ್ ನೋಡಿ ಮಲಗಿದೆ.

ಹಂತ 1: ಮಡಿಯನ್ನು ತಲೆಯಿಂದ ತೆಗೆಯಿರಿ

ನಮ್ಮ ಕಡೆ ಪರಿಶುದ್ಧ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಮಡಿ. ಮುಟ್ಟಬಾರದು, ಸೇರಬಾರದು, ದೂರ ನಿಲ್ಲಬೇಕು. ಕ್ರೈಸ್ತರಾಗಿ ನಾಲ್ಕು ತಲೆಮಾರು ಕಳೆದರೂ ಈ ಮಡಿ ನಮ್ಮ ಒಳಗಿಂದ ಹೋಗಿಲ್ಲ. ಹೆಸರು ಬದಲಾಗಿದೆ ಅಷ್ಟೇ. ಅವರ ಮನೆಗೆ ಹೋಗಬಾರದು, ಇವರ ಜೊತೆ ಮಾತಾಡಬಾರದು, ಆ ಬಣ್ಣದ ಬಟ್ಟೆ ಹಾಕಬಾರದು.

ಬೈಬಲ್ಲಿನ ಪದ ಬೇರೆ. ಇಬ್ರಿಯ ಭಾಷೆಯಲ್ಲಿ 'ಕಾದೋಶ್', ಗ್ರೀಕಿನಲ್ಲಿ 'ಹಾಗಿಯೋಸ್'. ಬೈಬಲ್ಲಿನಲ್ಲಿ ದೇವರನ್ನು ಬಿಟ್ಟು ಬೇರೆ ಯಾವುದನ್ನಾದರೂ ಹಾಗೆ ಕರೆದರೆ, ದೇವರಿಗೆ ಅಂತ ಎತ್ತಿಟ್ಟದ್ದು ಎಂದು ಅರ್ಥ. ಮನೆಯಲ್ಲಿ ಕುಡಿಯುವ ನೀರಿಗೆ ಅಂತ ಒಂದು ಬಿಂದಿಗೆ ಎತ್ತಿಟ್ಟಿರುತ್ತೇವೆ, ಅಲ್ವಾ? ಅದರಲ್ಲಿ ಯಾರೂ ಬಟ್ಟೆ ನೆನೆಸುವುದಿಲ್ಲ. ಹಾಗಂತ ಅದನ್ನು ಶೋಕೇಸಿನಲ್ಲಿ ಇಡುವುದೂ ಇಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವುದು ಅದೇ ಬಿಂದಿಗೆ. ಎತ್ತಿಟ್ಟಿರುವುದು ಬಳಸುವುದಕ್ಕೆ.

ಇನ್ನೊಂದು ವಿಷಯ ಗಮನಿಸಿ. ಮಡಿಯಲ್ಲಿ ಮೈಲಿಗೆಯದು ಮುಟ್ಟಿದರೆ ಶುದ್ಧವಾದದ್ದು ಕೆಡುತ್ತದೆ. ಮಾರ್ಕ 1ನೇ ಅಧ್ಯಾಯದ ಕೊನೆಯಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಯೇಸು ಕೆಡುವುದಿಲ್ಲ, ರೋಗಿ ಶುದ್ಧನಾಗುತ್ತಾನೆ. ದಿಕ್ಕೇ ತಿರುಗಿಬಿಟ್ಟಿದೆ! ಈ ಒಂದು ಕಥೆಯನ್ನು ವಾರವಿಡೀ ಓದಿ. ಆಮೇಲೆ ಮನೆಕೆಲಸದವರಿಗೆ ಕಾಫಿ ಕೊಡುವ ಲೋಟ ಯಾವುದು ಅಂತ ಹೋಗಿ ನೋಡಿ. ಬೇರೆ ಲೋಟ ಇದ್ದರೆ ಈ ಹಂತ ಇನ್ನೂ ಮುಗಿದಿಲ್ಲ.

ಸಾಮಾನ್ಯ ತಪ್ಪು: ಪರಿಶುದ್ಧತೆ ಫಾದರ್, ಸಿಸ್ಟರ್, ಪಾಸ್ಟರ್‌ಗಳಿಗೆ ಸೇರಿದ್ದು, ನಮಗೆ ಭಾನುವಾರ ಸಾಕು ಅನ್ನುವುದು. ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಇದನ್ನು ಬಿಡಿಸಿ ಹೇಳಿದೆ, ಪರಿಶುದ್ಧತೆಯ ಕರೆ ಎಲ್ಲರಿಗೂ ಅಂತ. ಅದಕ್ಕೂ ಎಷ್ಟೋ ಶತಮಾನ ಮೊದಲು ಪ್ರವಾದಿ ಜೆಕರ್ಯ ಹೇಳಿದ್ದು ನನಗೆ ಇನ್ನೂ ಇಷ್ಟ. ವಿಮೋಚನಕಾಂಡ 28ರಲ್ಲಿ ಮಹಾಯಾಜಕನ ಮುಂಡಾಸದ ಮೇಲೆ ಚಿನ್ನದ ತಗಡು ಕಟ್ಟಿ, ಅದರ ಮೇಲೆ ಯೆಹೋವನಿಗೆ ಪರಿಶುದ್ಧ ಅಂತ ಕೆತ್ತಿಸುತ್ತಾರೆ. ಜೆಕರ್ಯ 14:20ರಲ್ಲಿ ಅದೇ ಮಾತು ಕುದುರೆಗಳ ಗಂಟೆಗಳ ಮೇಲೆ ಬರುತ್ತದೆ. ಮುಂದಿನ ವಚನದಲ್ಲಿ ಮನೆಮನೆಯ ಪಾತ್ರೆಗಳೂ ಹಾಗೇ ಆಗುತ್ತವೆ. ಅರಮನೆ ಕಡೆ ಓಡಾಡುವ ಟಾಂಗಾ ಕುದುರೆಯ ಗಂಟೆಯ ಮೇಲೆ ಆ ಅಕ್ಷರ ಇರುವುದನ್ನು ಒಂದು ಸಲ ನೆನೆಸಿಕೊಳ್ಳಿ.

ಹಂತ 2: ನೀವು ಯಾರವರು ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ

ಜಾಸ್ತಿ ಜನ ಸೋಲುವುದು ಇಲ್ಲೇ. ನಾನು ಒಳ್ಳೆಯವನಾದರೆ ದೇವರು ನನ್ನನ್ನು ತನ್ನವನು ಅನ್ನುತ್ತಾನೆ ಅಂತ ಅಂದುಕೊಂಡು ಶುರು ಮಾಡುತ್ತಾರೆ. ಹಾಗಾಗಿ ಒಂದು ಸಲ ಬಿದ್ದ ಕೂಡಲೇ ಎಲ್ಲವೂ ಬಿದ್ದ ಹಾಗೆ ಅನಿಸುತ್ತದೆ.

ಬಿಂದಿಗೆಯನ್ನೇ ನೋಡಿ. ತೊಳೆದ ಕಾರಣಕ್ಕೆ ಅದು ಕುಡಿಯುವ ನೀರಿನ ಬಿಂದಿಗೆ ಆಗಲಿಲ್ಲ. ಕುಡಿಯುವ ನೀರಿಗೆ ಅಂತ ಎತ್ತಿಟ್ಟ ಕಾರಣಕ್ಕೆ ದಿನಾ ತೊಳೆಯುತ್ತೇವೆ. ಎತ್ತಿಡುವುದು ಮೊದಲು, ತೊಳೆಯುವುದು ಆಮೇಲೆ.

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ ತೆರೆಯಿರಿ. ಆ ಸಭೆಯಲ್ಲಿ ಗುಂಪುಗಾರಿಕೆ ಇತ್ತು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು, ಕರ್ತನ ಭೋಜನದಲ್ಲಿ ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ತೂರಾಡುತ್ತಿದ್ದ. ಇವರನ್ನು ಪೌಲ ಶುರುವಿನಲ್ಲೇ, 1:2ರಲ್ಲಿ, ಕ್ರಿಸ್ತ ಯೇಸುವಿನಲ್ಲಿ ಪ್ರತಿಷ್ಠಿತರಾದವರು (ಅಂದರೆ ದೇವರಿಗೆ ಅಂತ ಎತ್ತಿಟ್ಟವರು), ದೇವಜನರಾಗಲು ಕರೆಯಲ್ಪಟ್ಟವರು ಅನ್ನುತ್ತಾನೆ. ಬೈಗುಳ ಆಮೇಲೆ ಬರುತ್ತದೆ, ಸಾಕಷ್ಟು ಬರುತ್ತದೆ. ಆದರೆ ಆಮೇಲೆ.

ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ ಮುಖ ತೊಳೆಯುವಾಗ ಒಂದೇ ಸಾಲು ಹೇಳಿ: 'ಕರ್ತನೇ, ನಾನು ನಿನ್ನವನು, ಇವತ್ತು ನನ್ನನ್ನು ಬಳಸು.' ಒಂದು ವಾರ ಬೇರೇನೂ ಸೇರಿಸಬೇಡಿ. ಐದು ಗಂಟೆಗೆ ಏಳುವುದು, ಉಪವಾಸ, ನಲವತ್ತು ದಿನದ ಹರಕೆ ಯಾವುದೂ ಬೇಡ. ನಿಮ್ಮ ಕೈ ಚಡಪಡಿಸುತ್ತದೆ, ಏನಾದರೂ ದೊಡ್ಡದು ಮಾಡಬೇಕು ಅಂತ. ತಡೆಯಿರಿ. ಯೋಹಾನ 15ರಲ್ಲಿ ಕೊಂಬೆಗೆ ಕೊಟ್ಟಿರುವ ಕೆಲಸ ಬಳ್ಳಿಯಲ್ಲಿ ಇರುವುದು. ಹಣ್ಣು ಅದರಿಂದಲೇ ಬರುತ್ತದೆ.

ಹಂತ 3: ಹಳೇ ಬಾಕಿ ತೀರಿಸಿ

ಈಗ ಕಷ್ಟದ ಕೆಲಸ. ಮತ್ತಾಯ 5:23-24ರಲ್ಲಿ ಯೇಸು ಹೇಳುವುದು ನಿಮಗೆ ಬಾಯಿಪಾಠ ಇರಬಹುದು. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ನಿಂತಿದ್ದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು. ಕ್ರಮ ನೋಡಿದಿರಾ? ಅವನು ಮೊದಲು, ಆರಾಧನೆ ಆಮೇಲೆ.

ನೋಟ್‌ಪುಸ್ತಕದಲ್ಲಿ ಎರಡು ಪುಟ ತೆಗೆಯಿರಿ. ಒಂದರಲ್ಲಿ ದುಡ್ಡಿನ ಬಾಕಿ. ಇನ್ನೊಂದರಲ್ಲಿ ಮಾತಿನ ಬಾಕಿ. ಹೆಸರು, ಏನು, ಎಷ್ಟು. ಇಷ್ಟೇ ಬರೆಯಿರಿ, ಕಾರಣ ಬರೆಯಬೇಡಿ. ಕಾರಣ ಬರೆಯಲು ಹೊರಟರೆ ವಕೀಲಿಕೆ ಶುರುವಾಗುತ್ತದೆ.

ದುಡ್ಡಿನ ಪುಟದಿಂದ ಶುರು ಮಾಡಿ. ಅದೂ ಅತಿ ಚಿಕ್ಕ ಮೊತ್ತದಿಂದ. ನನ್ನದನ್ನೇ ಹೇಳುತ್ತೇನೆ. ನಮ್ಮ ಕಾಂಪೌಂಡ್ ಕಟ್ಟಿದ ಮೇಸ್ತ್ರಿಗೆ ಕೊನೇ ಕಂತಿನಲ್ಲಿ 1,800 ರೂಪಾಯಿ ಹಿಡಿದುಕೊಂಡಿದ್ದೆ. ಗೋಡೆ ಸ್ವಲ್ಪ ಸೊಟ್ಟ ಅಂತ ನನ್ನ ವಾದ. ಎರಡು ವರ್ಷ ಆಗಿತ್ತು. ಆ ಎರಡು ವರ್ಷವೂ ನಾನು ಮಂಗಳವಾರ ಬೈಬಲ್ ಓದಿಸುತ್ತಿದ್ದೆ! ಆತ ಮನೆ ಬದಲಾಯಿಸಿದ್ದ. ಹುಡುಕಿಕೊಂಡು ಹೋಗಿ ಕೊಟ್ಟೆ. ಅಪ್ಪಿಕೊಂಡು ಅಳುತ್ತಾನೆ ಅಂತ ಏನೇನೋ ಅಂದುಕೊಂಡಿದ್ದೆ. ಆತ ಎಣಿಸಿ, ಮಡಚಿ ಜೇಬಿಗಿಟ್ಟು, 'ಇನ್ನೂ ಇನ್ನೂರು ಬರಬೇಕಲ್ಲ ಸಾರ್' ಅಂದ. ಲೆಕ್ಕ ಬರೆಯುವವನಿಗೇ ಲೆಕ್ಕ ತಪ್ಪಿತ್ತು. ಅದನ್ನೂ ಕೊಟ್ಟು ಬಂದೆ.

ಲೂಕ 19ರಲ್ಲಿ ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ಅಷ್ಟು ಆಗದಿದ್ದರೂ ಅಸಲು ಕೊಡಿ. ಬಾಕಿ ಕೊಡಬೇಕಾದವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ, ನೆಂಟರಿಗೆ ಕೊಡಿ. ಅರಣ್ಯಕಾಂಡ 5ರಲ್ಲಿ ಇದಕ್ಕೂ ದಾರಿ ಇದೆ. ತೆಗೆದುಕೊಳ್ಳಲು ಹತ್ತಿರದ ನೆಂಟ ಯಾರೂ ಇಲ್ಲದಿದ್ದರೆ ಅದು ದೇವರಿಗೆ ಹೋಗಬೇಕು, ನಿಮ್ಮ ಜೇಬಿನಲ್ಲಿ ಉಳಿಯಬಾರದು.

ಮಾತಿನ ಬಾಕಿಗೆ ಕೆಲವು ಎಚ್ಚರಿಕೆ. ವಾಟ್ಸ್‌ಆ್ಯಪ್‌ನಲ್ಲಿ ಕ್ಷಮೆ ಕೇಳಬೇಡಿ, ಎದುರು ಹೋಗಿ. 'ನನ್ನಿಂದ ಏನಾದರೂ ನೋವಾಗಿದ್ದರೆ' ಅಂತ ಶುರು ಮಾಡಬೇಡಿ, ಅದು ಕ್ಷಮೆ ಅಲ್ಲ, ನೋವಾಗಿದೆ ಅಂತ ನಿಮಗೇ ಗೊತ್ತಲ್ಲ. 'ಆ ದಿನ ಎಲ್ಲರ ಮುಂದೆ ನಿನ್ನನ್ನು ಕಳ್ಳ ಅಂದೆ, ಅದು ತಪ್ಪು' ಅಂತ ಹೆಸರಿಟ್ಟು ಹೇಳಿ. 'ಆದರೆ ನೀನೂ' ಅನ್ನುವ ಪದ ಬಾಯಿಗೆ ಬಂದರೆ ನುಂಗಿಕೊಳ್ಳಿ. ಇನ್ನೊಂದು ಮುಖ್ಯ. ನೀವು ಹೇಳುವುದರಿಂದ ಮೂರನೆಯವರ ಸಂಸಾರಕ್ಕೆ ಪೆಟ್ಟು ಬೀಳುವಂತಿದ್ದರೆ ಹೇಳುವ ಮೊದಲು ಅಯ್ಯನವರನ್ನೋ ಫಾದರನ್ನೋ ಕೇಳಿ. ನಿಮ್ಮ ಎದೆ ಹಗುರ ಮಾಡಿಕೊಳ್ಳಲು ಬೇರೆಯವರ ತಲೆ ಮೇಲೆ ಹೊರೆ ಇಳಿಸಬಾರದು.

ಕೆಲವು ಬಾಕಿ ತೀರುವುದಿಲ್ಲ. ನನ್ನ ಅಣ್ಣನಿಗೂ ನನಗೂ ಊರಿನ ಜಮೀನು ಭಾಗ ಮಾಡುವಾಗ ಮಾತು ಬೆಳೆಯಿತು. ನಾನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಮೂರು ಸಲ ಹೋಗಿದ್ದೇನೆ, ಬಾಗಿಲು ತೆಗೆಯಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 12:18ರಲ್ಲಿ, ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದ ಇರಿ ಅಂತಿದೆ. ಆಗುವಷ್ಟು ಮಾಡಿ, ಹೆಸರು ಮಾತ್ರ ಹೊಡೆದುಹಾಕಬೇಡಿ.

ಹಂತ 4: ಯಾಜಕಕಾಂಡ 19 ಹಿಡಿದು ದಿನವಿಡೀ ಸುತ್ತಿ ಬನ್ನಿ

ಯಾಜಕಕಾಂಡ ಅಂದರೆ ಎಲ್ಲರೂ ಪುಟ ಹಾರಿಸುತ್ತಾರೆ. 19ನೇ ಅಧ್ಯಾಯ ಹಾರಿಸಬೇಡಿ. 'ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ' ಅಂತ ಶುರುವಾಗುವ ಅಧ್ಯಾಯ ಅದು. ಪೇತ್ರ ತನ್ನ ಮೊದಲ ಪತ್ರದಲ್ಲಿ ನೆನಪಿಸುವುದು ಈ ಮಾತನ್ನೇ. ಆಮೇಲೆ ಏನು ಬರುತ್ತದೆ ಅಂದುಕೊಂಡಿರಿ? ಗದ್ದೆ, ಕೂಲಿ, ತಕ್ಕಡಿ, ಚಾಡಿ.

9 ಮತ್ತು 10ನೇ ವಚನ: ಪೈರು ಕೊಯ್ಯುವಾಗ ಅಂಚಿನವರೆಗೆ ಬಳಿದು ಕೊಯ್ಯಬೇಡ, ಬಿದ್ದ ತೆನೆಯ ಹಕ್ಕಲು ಆಯಬೇಡ, ಬಡವರಿಗೂ ಪರದೇಶಿಗೂ ಬಿಡು. ರೂತಳು ಬೋವಜನ ಹೊಲದಲ್ಲಿ ಆಯ್ದದ್ದು ಇಂಥ ಹಕ್ಕಲನ್ನೇ. ಮಂಡ್ಯದ ಗದ್ದೆ ಬದುವಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆ ಇಲ್ಲದವರು ಸಂಬಳದಲ್ಲಿ ಅಂಚು ಬಿಡಿ. ತಿಂಗಳ ಕೊನೆಯಲ್ಲಿ ಉಳಿದದ್ದು ಕೊಡುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ, ಒಂದನೇ ತಾರೀಕೇ ತೆಗೆದಿಡಿ.

13ನೇ ವಚನ: ಕೂಲಿಯವನ ಕೂಲಿ ಬೆಳಗಾಗುವವರೆಗೆ ನಿನ್ನ ಹತ್ತಿರ ಇರಬಾರದು. ಮನೆಕೆಲಸದವರಿಗೆ 'ಚೇಂಜ್ ಇಲ್ಲ, ನಾಳೆ ಬಾ' ಅನ್ನುತ್ತೀರಲ್ಲ, ಅದೇ ಇದು. ಈಗ ಎಲ್ಲರ ಫೋನಿನಲ್ಲೂ ಯುಪಿಐ ಇದೆ, ಆ ನೆಪವೂ ಹೋಯಿತು.

16: ಚಾಡಿ ಹೇಳುತ್ತಾ ತಿರುಗಬೇಡ. ನಮ್ಮಲ್ಲಿ ಇದಕ್ಕೆ ಪ್ರಾರ್ಥನೆಯ ವೇಷ ಹಾಕುತ್ತೇವೆ. 'ಅವರ ಮಗಳಿಗೋಸ್ಕರ ಪ್ರಾರ್ಥನೆ ಮಾಡಿ, ವಿಷಯ ಏನಪ್ಪಾ ಅಂದರೆ...' ಆ 'ವಿಷಯ ಏನಪ್ಪಾ ಅಂದರೆ' ಬಂದಲ್ಲಿ ನಿಲ್ಲಿಸಿ. ದೇವರಿಗೆ ವಿವರ ಗೊತ್ತಿದೆ.

32ನೆಯದು, ತಲೆ ನರೆತವರ ಮುಂದೆ ಎದ್ದು ನಿಲ್ಲು. ಬಸ್ಸಿನಲ್ಲಿ ಇದು ಎರಡೇ ಸೆಕೆಂಡಿನ ಕೆಲಸ. 33-34: ನಿಮ್ಮ ಮಧ್ಯೆ ಇರುವ ಪರದೇಶಿಯನ್ನು ಸ್ವದೇಶದವನ ಹಾಗೇ ಕಾಣು, ನಿನ್ನ ಹಾಗೇ ಪ್ರೀತಿಸು. ಮೈಸೂರಿನ ಹೋಟೆಲುಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ಬಿಹಾರದ, ಒಡಿಶಾದ, ಅಸ್ಸಾಮಿನ ಹುಡುಗರನ್ನು ನಾವು ಕರೆಯುವ ರೀತಿ ನೆನಪು ಮಾಡಿಕೊಳ್ಳಿ.

35-36: ಅಳತೆ, ತೂಕ, ತಕ್ಕಡಿ ಸರಿಯಿರಲಿ. ಡೇರಿಗೆ ಹಾಕುವ ಹಾಲಿಗೆ ನೀರು, ದೇವರಾಜ ಮಾರ್ಕೆಟ್ಟಿನ ತಕ್ಕಡಿ, ಆಫೀಸಿನ ಪ್ರಯಾಣ ಭತ್ಯೆಯ ಬಿಲ್ಲು, ಎಲ್ಲಾ ಇದರೊಳಗೇ. ನನ್ನ ಪಾಲಿಗೆ ಇದು ಬಿಲ್ ಇಲ್ಲದ ಮಾರಾಟದ ಎರಡನೇ ಪುಸ್ತಕ. ಒಬ್ಬ ಮಾಲೀಕರು ಬರೆಯಲೇಬೇಕು ಅಂದರು, ನಾನು ಆಗುವುದಿಲ್ಲ ಅಂದೆ. ಶುರುವಿನಲ್ಲಿ ನಾಲ್ಕು ಅಂಗಡಿ ಅಂದೆನಲ್ಲ, ಮೊದಲು ಐದಿದ್ದವು. ಆ ತಿಂಗಳು ಸ್ವಲ್ಪ ಬಿಗಿಯಾಯಿತು. ಆ ಜಾಗಕ್ಕೆ ದೇವರು ಇನ್ನೂ ದೊಡ್ಡ ಅಂಗಡಿ ಕೊಟ್ಟ ಅಂತ ಸಾಕ್ಷಿ ಹೇಳಲು ನನಗೂ ಆಸೆ. ಕೊಟ್ಟಿಲ್ಲ.

ಮಾಡುವ ಕ್ರಮ: ಬೆಳಿಗ್ಗೆ ಅಧ್ಯಾಯ ಓದಿ. ದಿನವಿಡೀ ನಿಮ್ಮ ಕೆಲಸ ಮಾಡಿಕೊಂಡಿರಿ. ಎಲ್ಲಿ ಚುಚ್ಚಿತೋ ಆ ವಚನದ ನಂಬರ್ ಮಾತ್ರ ಪುಸ್ತಕದಲ್ಲಿ ಬರೆಯಿರಿ. ಅವತ್ತೇ ಸರಿಮಾಡಲು ಹೋಗಬೇಡಿ. ಮೂರು ದಿನ ಹೀಗೆ ಮಾಡಿದರೆ ಒಂದು ನಂಬರ್ ಮತ್ತೆ ಮತ್ತೆ ಬರುತ್ತದೆ. ಅದೇ ನಿಮ್ಮ ಮುಂದಿನ ಹಂತಕ್ಕೆ ಸಾಮಾನು.

ಹಂತ 5: ಒಂದನ್ನು ಬಿಡಿ, ಆ ಜಾಗ ತುಂಬಿಸಿ

ಒಂದೇ ಒಂದು. ಹತ್ತು ಹಿಡಿದರೆ ಹತ್ತೂ ಜಾರುತ್ತವೆ.

ಬರೀ ಬಿಟ್ಟರೂ ಆಗುವುದಿಲ್ಲ. ಮತ್ತಾಯ 12ರಲ್ಲಿ ಗುಡಿಸಿ ಸಾರಿಸಿ ಖಾಲಿ ಇಟ್ಟ ಮನೆಗೆ ಹೋದ ದೆವ್ವ ಇನ್ನೂ ಏಳನ್ನು ಕರೆದುಕೊಂಡು ವಾಪಸ್ ಬರುತ್ತದೆ. ಜನವರಿ ನಿರ್ಧಾರಗಳಿಗೆ ಆಗುವುದು ಇದೇ. ಎಫೆಸದವರಿಗೆ ಬರೆದ ಪತ್ರದ 4:28 ನೋಡಿ. ಕಳ್ಳನು ಇನ್ನು ಕಳ್ಳತನ ಬಿಡಲಿ, ಕೈಯಾರೆ ದುಡಿಯಲಿ, ಇಲ್ಲದವರಿಗೆ ಕೊಡಲು ಅವನ ಹತ್ತಿರ ಏನಾದರೂ ಇರಲಿ. ಕದಿಯುತ್ತಿದ್ದ ಅದೇ ಕೈ ಕೊಡುವ ಕೈ ಆದಾಗಲೇ ಕೆಲಸ ಮುಗಿದ ಹಾಗೆ.

ಹಾಗಾಗಿ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. 'ಬಿಡುವುದು: ಊಟದ ಹೊತ್ತಿಗೆ ಮಕ್ಕಳನ್ನು ಬೈಯುವುದು. ತುಂಬಿಸುವುದು: ಊಟಕ್ಕೆ ಕೂತಾಗ ಇವತ್ತು ಸ್ಕೂಲಲ್ಲಿ ಏನಾಯ್ತು ಅಂತ ಕೇಳುವುದು.' ಇಷ್ಟು ಚಿಕ್ಕದಿರಬೇಕು. 'ಕೋಪ ಬಿಡುತ್ತೇನೆ' ಅಂತ ಬರೆದರೆ ಅದು ಬರೀ ಗಾಳಿ. ಯಾವ ಹೊತ್ತಿನ, ಯಾರ ಮೇಲಿನ ಕೋಪ ಅಂತ ಬರೆಯಿರಿ. ಬೈಗುಳದ ಜಾಗಕ್ಕೆ ಬರುವ ಮಾತನ್ನೂ ಮೊದಲೇ ಆರಿಸಿಡಿ, ಆ ಹೊತ್ತಿಗೆ ಹೊಳೆಯುವುದಿಲ್ಲ.

ನಾಲ್ಕು ವಾರ ಇದನ್ನೇ ಹಿಡಿಯಿರಿ. ಬೇಜಾರಾಗುತ್ತದೆ, ಆಗಲಿ.

ಹಂತ 6: ಸಂಜೆ ಹತ್ತು ನಿಮಿಷ

ಕಥೋಲಿಕರು ಇದನ್ನು ಆತ್ಮಪರಿಶೋಧನೆ ಅನ್ನುತ್ತಾರೆ. 16ನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ಇದಕ್ಕೆ ಐದು ಭಾಗ ಮಾಡಿಕೊಟ್ಟ. ನಮ್ಮ ಸಿಎಸ್‌ಐ ಜನಕ್ಕೆ ಇಗ್ನೇಷಿಯಸ್ ಹೆಸರು ಇರಿಸುಮುರಿಸು ಅನಿಸಿದರೆ ಕೀರ್ತನೆ 139ರ ಕೊನೆಯ ಎರಡು ವಚನ ತೆಗೆದುಕೊಳ್ಳಿ, ವಿಷಯ ಅದೇ.

ನಾನು ಇದನ್ನು ಮಂಡ್ಯದಿಂದ ವಾಪಸ್ ಬರುವ ರೈಲಿನಲ್ಲಿ ಮಾಡುತ್ತೇನೆ. ಯಲಿಯೂರು ಬರುವವರೆಗೆ ಕೃತಜ್ಞತೆ. ದೊಡ್ಡದೇನೂ ಬೇಡ, ಸೀಟು ಸಿಕ್ಕಿತು ಅನ್ನುವುದೂ ನಡೆಯುತ್ತದೆ. ಬ್ಯಾಡರಹಳ್ಳಿ ಹತ್ತಿರ, ನನ್ನನ್ನು ಪರೀಕ್ಷಿಸು, ಬೆಳಕು ಕೊಡು ಅಂತ ಒಂದು ಮಾತು. ಪಾಂಡವಪುರದವರೆಗೆ ಬೆಳಿಗ್ಗೆಯಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ತಿರುವಿ ಹಾಕುತ್ತೇನೆ. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿ ದಾಟುವಾಗ ಕ್ಷಮೆ ಕೇಳುತ್ತೇನೆ. ನಾಗನಹಳ್ಳಿಯಲ್ಲಿ ನಾಳೆಯ ಒಂದು ಕೆಲಸ ಬರೆದುಕೊಳ್ಳುತ್ತೇನೆ. ಮೈಸೂರು ಬಂದರೆ ಪುಸ್ತಕ ಜೇಬಿಗೆ. ಮನೆಯಲ್ಲಿ ಇರುವವರು ಪಾತ್ರೆ ತೊಳೆದ ಮೇಲೆ ಅಡುಗೆಮನೆಯಲ್ಲೇ ಕೂತು ಮಾಡಬಹುದು.

ಇಲ್ಲಿನ ತಪ್ಪು ಎರಡು. ಕೃತಜ್ಞತೆ ಬಿಟ್ಟು ನೇರ ತಪ್ಪಿಗೆ ಹೋಗುವುದು ಮೊದಲನೆಯದು, ಒಂದು ವಾರದಲ್ಲಿ ಮನಸ್ಸು ಪೊಲೀಸ್ ಠಾಣೆ ಆಗಿಬಿಡುತ್ತದೆ. ಮಾಡಿದ ತಪ್ಪನ್ನು ಮಾತ್ರ ಬರೆದು, ಮಾಡದೇ ಬಿಟ್ಟದ್ದನ್ನು ಮರೆಯುವುದು ಎರಡನೆಯದು. ಲೂಕ 10ರಲ್ಲಿ ಗಾಯಗೊಂಡವನನ್ನು ನೋಡಿ ಪಕ್ಕಕ್ಕೆ ಸರಿದು ಹೋದ ಯಾಜಕ ಅವತ್ತು ಯಾರಿಗೂ ಹೊಡೆಯಲಿಲ್ಲ, ಏನೂ ಕದಿಯಲಿಲ್ಲ. ಅವನ ಪುಸ್ತಕ ಖಾಲಿ ಇರುತ್ತಿತ್ತು.

ಹಂತ 7: ಒಬ್ಬರಿಗೆ ಹೇಳಿ

ಯಾಕೋಬ 5:16 ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅನ್ನುತ್ತದೆ. ಕಥೋಲಿಕರಿಗೆ ಫಾದರ್ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆ ಇದೆ, ಬಳಸಿಕೊಳ್ಳಿ. ಅಶೋಕ ರಸ್ತೆಯ ಫಿಲೋಮಿನಾ ಚರ್ಚಿನ ಮುಂದೆ ಫೋಟೋ ತೆಗೆದುಕೊಂಡಷ್ಟು ಸಲ ಒಳಗೆ ಹೋಗಿ ಮಂಡಿಯೂರಿದ್ದೀರಾ ಅಂತ ನಾನು ಕೇಳುವುದಿಲ್ಲ. ಮೈಸೂರಿನ ಸಿಎಸ್‌ಐನವರಿಗೆ ವೆಸ್ಲಿ ಹೆಸರು ಚರ್ಚಿನ ಬೋರ್ಡಿನಲ್ಲೇ ಸಿಗುತ್ತದೆ. ಮೆಥೊಡಿಸ್ಟ್ ಪಂಥ ಶುರು ಮಾಡಿದ ಆ ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಗುಂಪುಗಳಿಗೆ ಅಂತ ಬರೆದ ನಿಯಮಗಳಲ್ಲಿ, ಹಿಂದಿನ ಸಲ ಸೇರಿದ ಮೇಲೆ ಗೊತ್ತಿದ್ದೂ ಯಾವ ಪಾಪ ಮಾಡಿದೆ ಅಂತ ಪ್ರತಿ ವಾರ ಒಬ್ಬರನ್ನೊಬ್ಬರು ಕೇಳಬೇಕಿತ್ತು. ಈಗ ನಮ್ಮ ಕೂಟಗಳಲ್ಲಿ ಕೇಳುವುದು ಕಾಫಿಗೆ ಸಕ್ಕರೆ ಎಷ್ಟು ಅಂತ.

ಆರಿಸುವಾಗ ನೋಡಬೇಕಾದ್ದು: ನಿಮ್ಮದೇ ಲಿಂಗದವರು, ನಿಮ್ಮ ಕೈಕೆಳಗೆ ಕೆಲಸ ಮಾಡದವರು, ನಿಮ್ಮಿಂದ ಸಾಲ ಪಡೆಯದವರು, ಬಾಯಿ ಭದ್ರ ಇರುವವರು. ಬಾಯಿ ಭದ್ರವೋ ಅಲ್ಲವೋ ತಿಳಿಯುವುದು ಸುಲಭ. ಬೇರೆಯವರ ಗುಟ್ಟು ನಿಮಗೆ ಹೇಳುವವನು ನಿಮ್ಮದನ್ನೂ ಹೇಳುತ್ತಾನೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಸಾಕು. ಇಬ್ಬರೂ ಹೇಳಬೇಕು. ಒಬ್ಬರೇ ಹೇಳುತ್ತಾ ಇನ್ನೊಬ್ಬರು ಬುದ್ಧಿ ಹೇಳುತ್ತಾ ಇದ್ದರೆ ಅದು ಬೇಗ ಕೆಡುತ್ತದೆ.

ಹಂತ 8: ಬಿದ್ದ ಮೊದಲ ಒಂದು ಗಂಟೆ

ಬೀಳುತ್ತೀರಿ. ಆ ಗಂಟೆಯಲ್ಲಿ ಮಾಡುವ ಕೆಲಸ ಮೊದಲೇ ಗೊತ್ತಿರಲಿ. ದೇವರ ಮುಂದೆ ಅದರ ಹೆಸರು ಹೇಳಿ. ಯೋಹಾನನ ಮೊದಲ ಪತ್ರ 1:9 ಕೊಡುವ ಭರವಸೆ ಅರಿಕೆ ಮಾಡಿದವರಿಗೆ, ಕೊರಗಿದವರಿಗೆ ಅಂತ ಅಲ್ಲಿಲ್ಲ. ಯಾರಿಗೆ ಪೆಟ್ಟಾಯಿತೋ ಅವರ ಹತ್ತಿರ ಅವತ್ತೇ ಹೋಗಿ, ಎಫೆಸ 4:26 ಸೂರ್ಯ ಮುಳುಗುವುದರೊಳಗೆ ಅಂತ ಗಡುವು ಹಾಕಿದೆ. ಆಮೇಲೆ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ವಾಪಸ್ ಹೋಗಿ, ಬೆಂಡೆಕಾಯಿ ಹೆಚ್ಚುತ್ತಿದ್ದರೆ ಬೆಂಡೆಕಾಯಿ ಹೆಚ್ಚಿ.

'ಹೇಗೂ ಕೆಟ್ಟಿತು, ಸೋಮವಾರದಿಂದ ಮತ್ತೆ ಶುರು ಮಾಡೋಣ' ಅನ್ನಬೇಡಿ. ಗುರುವಾರ ಬಿದ್ದವನು ಸೋಮವಾರದವರೆಗೆ ರಜೆ ತೆಗೆದುಕೊಳ್ಳುತ್ತಾನೆ, ಆ ನಾಲ್ಕು ದಿನದಲ್ಲಿ ಆಗುವ ಅನಾಹುತ ಬಿದ್ದದ್ದಕ್ಕಿಂತ ದೊಡ್ಡದು.

ದಾರಿ ತಪ್ಪುತ್ತಿರುವ ಗುರುತುಗಳು

ಮಂಡ್ಯ ಕಡೆಯ ಆಲೆಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬಿನ ಹಾಲು ಕಾಯುವಾಗ ಕೊಳೆ ಮೇಲೆ ಬರುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬಂದದ್ದನ್ನು ಜಾಲರಿಯಿಂದ ತೆಗೆಯುತ್ತಾ ಇರಬೇಕು. ಕೆಲವರು ಅಷ್ಟು ತಾಳ್ಮೆ ಇಲ್ಲದೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬೆಲ್ಲವನ್ನು ಬೆಳ್ಳಗೆ ಮಾಡುತ್ತಾರೆ. ನೋಡಲು ಚೆಂದ, ಮೈಗೆ ಕೆಟ್ಟದ್ದು. ಒಳ್ಳೇ ಬೆಲ್ಲದ ಬಣ್ಣ ಕಂದು.

ನಿಮ್ಮಲ್ಲಿ ಹೈಡ್ರೋಸ್ ಬಿದ್ದಿದೆ ಅನ್ನುವುದಕ್ಕೆ ಗುರುತು: ಬೇರೆಯವರ ತಪ್ಪು ಮೊದಲಿಗಿಂತ ಬೇಗ ಕಾಣುತ್ತದೆ. ಉಪವಾಸ ಮಾಡಿದ್ದು ಯಾರಿಗಾದರೂ ಗೊತ್ತಾಗಲಿ ಅನಿಸುತ್ತದೆ. ಲೂಕ 18ರ ಫರಿಸಾಯನ ಹಾಗೆ ಪ್ರಾರ್ಥನೆಯಲ್ಲಿ ಬೇರೆಯವರ ಜೊತೆ ಹೋಲಿಕೆ ನುಸುಳುತ್ತದೆ. ಮನೆಯವರು ನಿಮ್ಮ ಮುಂದೆ ನಗುವುದನ್ನು ಕಡಿಮೆ ಮಾಡುತ್ತಾರೆ. ಈ ಕೊನೆಯದು ಕಂಡರೆ ಎಲ್ಲಾ ನಿಲ್ಲಿಸಿ ಎರಡನೇ ಹಂತಕ್ಕೆ ವಾಪಸ್ ಹೋಗಿ.

ಇನ್ನು ಕೊಳೆ ಜಾಸ್ತಿ ಕಾಣುತ್ತಿದೆ, ಮೊದಲಿಗಿಂತ ನಾನು ಕೆಟ್ಟವನಾಗಿದ್ದೇನೆ ಅಂತ ಎರಡನೇ ತಿಂಗಳಲ್ಲಿ ಅನಿಸಿದರೆ ಹೆದರಬೇಡಿ. ಕೊಪ್ಪರಿಗೆ ಕಾದಿದೆ, ಅಷ್ಟೇ.

ಆದರೆ ಮಾಡಿದ ಅರಿಕೆಯನ್ನೇ ದಿನಕ್ಕೆ ಇಪ್ಪತ್ತು ಸಲ ಮಾಡುವುದು, ಚಿಕ್ಕ ಯೋಚನೆಗೂ ನರಕದ ಭಯ, ನಿದ್ದೆ ಬಾರದಿರುವುದು, ಇವು ಕಂಡರೆ ಪುಸ್ತಕ ಮುಚ್ಚಿ, ಮನೋವೈದ್ಯರನ್ನು ನೋಡಿ. ಕುಡಿತ ಬಿಡಲು ಆಗದವರಿಗೂ ಡಾಕ್ಟರ ಸಹಾಯ ಬೇಕು, ಬರೀ ನಿರ್ಧಾರ ಸಾಲದು. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ತಾಯಂದಿರಿಗೆ ಒಂದು ಮಾತು: ಸಹಿಸಿಕೊಂಡಿರು, ಅದೇ ಪರಿಶುದ್ಧತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 181 ಮಹಿಳಾ ಸಹಾಯವಾಣಿ, ಫೋನ್ ಮಾಡಿ.

ಮಂಗಳವಾರ ಜಾಸ್ತಿ ಕೇಳುವ ಎರಡು ಪ್ರಶ್ನೆ

ದಸರಾಕ್ಕೆ ಪಕ್ಕದ ಮನೆಯವರು ಗೊಂಬೆ ನೋಡಲು ಕರೆದರೆ ಹೋಗಬಹುದಾ, ಕೊಟ್ಟದ್ದು ತಿನ್ನಬಹುದಾ? ಸಭೆಗಳ ನಡುವೆ ಇದರಲ್ಲಿ ಬೇರೆ ಬೇರೆ ನಿಲುವು ಇದೆ. 1 ಕೊರಿಂಥ 8 ಮತ್ತು 10ನೇ ಅಧ್ಯಾಯ ಎರಡನ್ನೂ ಓದಿ, ನಿಮ್ಮ ಹಿರಿಯರ ಜೊತೆ ಮಾತಾಡಿ ನಿರ್ಧರಿಸಿ. ನಾನು ಹೋಗುತ್ತೇನೆ. ಹೋಗದವರು ಪ್ರೀತಿಯಿಂದ ಹೇಳಿ ಕಳಿಸಿ, ಅವರ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಬೇಡಿ.

ಎಷ್ಟು ದಿನ ಇದೆಲ್ಲಾ ಬರೆಯುತ್ತಾ ಇರಬೇಕು? ನನ್ನದು ಈಗ ಏಳನೇ ಪುಸ್ತಕ. ಒಂದು ತುಂಬಿದ ಮೇಲೆ ತೀರದ ಬಾಕಿಗಳನ್ನು ಮಾತ್ರ ಹೊಸದರ ಮೊದಲ ಪುಟಕ್ಕೆ ಎತ್ತಿ ಬರೆಯುತ್ತೇನೆ, ಅಂಗಡಿ ಲೆಕ್ಕದ ಅಭ್ಯಾಸ. ಏಳನೆಯದರ ಮೊದಲ ಸಾಲಿನಲ್ಲೂ ಅಣ್ಣನ ಹೆಸರೇ ಇದೆ. ಬರುವ ಭಾನುವಾರ ಆರಾಧನೆಗೆ ಮೊದಲು ಊರಿಗೆ ಹೋಗಿ ಬರಬೇಕು, ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಅಂತ ವಿಚಾರಿಸಬೇಕು.